ಹ್ಯಾಂಡಲ್ ಏರಿಸಿದ ಹದಿನಾಲ್ಕು ತಿಂಗಳು

ನಮ್ಮ ಕನ್ನಡ ಸಂಘದ ಸ್ಮರಣ ಸಂಚಿಕೆಯ ಮಾನ್ಯ ಸಂಪಾದಕರಿಗೂ ಓದುಗರಿಗೂ ನಮಸ್ಕಾರಗಳು.

ಮೊದಲಿಗೆ ಕ್ಷಮೆ ಕೋರುತ್ತೇನೆ. ನನ್ನ ಅಕ್ಷರ ಈಗ ಚೆನ್ನಾಗಿಲ್ಲ. ಕಾಗುಣಿತವೂ ಅಷ್ಟಕ್ಕಷ್ಟೇ. ಹತ್ತನೆಯ ತರಗತಿಯ ನಂತರ ನಾನು ಕನ್ನಡದಲ್ಲಿ ಬರೆದದ್ದು ಅರಸೀಕೆರೆಯ ಬಂಧುಗಳಿಗೆ ಹಾಕಿದ ಕಾರ್ಡುಗಳು ಮಾತ್ರ. ಪೆರಂಬೂರಿನ ಕಚೇರಿಯೊಂದರ ಸಿಬ್ಬಂದಿ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಇಂಗ್ಲಿಷ್ ಪತ್ರಗಳ ಕರಡು ಸಿದ್ಧಪಡಿಸಿದವನು ನಾನು. ಆದಕಾರಣ ಈ ಬರಹ ಅಲ್ಲಲ್ಲಿ ಕಚೇರಿಯ ಪತ್ರದಂತೆ ಕಂಡರೆ ಮನ್ನಿಸಬೇಕು. ಬೇರೆ ರೀತಿಯಲ್ಲಿ ಬರೆಯಲು ನನಗೆ ಬಾರದು.

ಈ ಮೂಲಕ ತಿಳಿಸಬಯಸುವ ವಿಷಯವೇನೆಂದರೆ, ನನ್ನ ಬಲಗೈಗೆ ಒಂದು ಕಾಯಿಲೆ ಬಂದಿತ್ತು. ಅದನ್ನು ನಾನು ಹದಿನಾಲ್ಕು ತಿಂಗಳ ಕಾಲ ನನ್ನ ಸೈಕಲ್ಲಿನ ದೋಷವೆಂದು ತಿಳಿದಿದ್ದೆ.

ಎರಡು ಸಾವಿರದ ಎರಡನೆಯ ಇಸವಿಯ ಆಗಸ್ಟ್ ತಿಂಗಳು, ಒಂದು ಭಾನುವಾರ ಬೆಳಿಗ್ಗೆ. ಕೋಯಂಬೇಡು ಮಾರುಕಟ್ಟೆಯಿಂದ ವಾರದ ತರಕಾರಿ ಕಟ್ಟಿಕೊಂಡು ಮನೆಗೆ ಬಂದೆ. ಸೈಕಲ್ ಗೋಡೆಗೆ ಒರಗಿಸಿದೆ. ಬಲಗೈಯ ಕಿರುಬೆರಳು ಜೋಮು ಹಿಡಿದಂತಿತ್ತು. ಕೊಡವಿದೆ. ಹೋಗಲಿಲ್ಲ. ಪಕ್ಕದ ಉಂಗುರದ ಬೆರಳಿನ ಅರ್ಧಭಾಗವೂ ಹಾಗೆಯೇ ಇತ್ತು. ಸ್ನಾನ ಮಾಡಿ ಬರುವ ಹೊತ್ತಿಗೆ ಸರಿಹೋಯಿತು. ಸರಿಹೋದದ್ದರಿಂದ ನಾನು ಸೈಕಲ್ಲಿನ ಕಡೆ ನೋಡಿದೆ.

ಕೈಯ ಕಡೆ ನೋಡಲಿಲ್ಲ.

ಆ ಸೈಕಲ್ಲಿನ ಬಗ್ಗೆ ಇಲ್ಲಿ ವಿವರಿಸುವುದು ಅಗತ್ಯ. ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಬಾಡಿಗೆಗಿದ್ದ ಬೆಲ್ಜಿಯಂ ದೇಶದ ಎಂಜಿನಿಯರೊಬ್ಬರು ಊರಿಗೆ ಮರಳುವಾಗ ಅದನ್ನು ನನಗೆ ಮಾರಿ ಹೋದರು. ಅದರ ಜಾತಿಗೆ ಸೈಕ್ಲೋಕ್ರಾಸ್ ಎಂದು ಹೆಸರು. ಅವರ ಕಡೆ ಚಳಿಗಾಲದಲ್ಲಿ ಕೆಸರು, ಹುಲ್ಲು, ಮರಳಿನ ಮೇಲೆ ಇದನ್ನು ಓಡಿಸುವ ಪಂದ್ಯಗಳು ನಡೆಯುತ್ತವೆ. ದಾರಿಗೆ ಅಡ್ಡಲಾಗಿ ಹಲಗೆ ಇಟ್ಟಿರುತ್ತಾರೆ. ಅಲ್ಲಿ ಇಳಿದು, ಸೈಕಲ್ಲನ್ನು ಹೆಗಲಿಗೇರಿಸಿಕೊಂಡು ಓಡಬೇಕು. ಹ್ಯಾಂಡಲ್ ಟಗರಿನ ಕೊಂಬಿನಂತೆ ಕೆಳಕ್ಕೆ ಬಾಗಿರುತ್ತದೆ. ಟೈರಿಗೆ ಒರಟಾದ ಹಲ್ಲುಗಳು. ಇಲ್ಲಿನವರು ಐಪ್ಪಸಿ ಎನ್ನುವ ಅಕ್ಟೋಬರ್-ನವೆಂಬರಿನ ಮಳೆ ಮುಗಿದ ಮೇಲೆ ವಿಲ್ಲಿವಾಕ್ಕಂ ರಸ್ತೆಯಲ್ಲಿ ಓಡಾಡಿದವರು ಇದು ನಮ್ಮ ಊರಿಗಾಗಿಯೇ ಮಾಡಿಸಿದ್ದೆಂದು ಒಪ್ಪುತ್ತಾರೆ.

ಆ ಎಂಜಿನಿಯರು ನನಗಿಂತ ಒಂದು ಗೇಣು ಎತ್ತರ. ಆದ್ದರಿಂದ ಆರಂಭದ ಬದಲಾವಣೆಗಳು ನಿಜವಾಗಿಯೂ ಬೇಕಿದ್ದವು. ಸೀಟನ್ನು ಇಳಿಸಬೇಕಾಯಿತು. ಹ್ಯಾಂಡಲನ್ನು ಹಿಡಿದಿರುವ ಮೋಟು ಕೊಳವೆಗೆ ಸ್ಟೆಮ್ ಎನ್ನುತ್ತಾರೆ. ಅದನ್ನು ತೆಗೆದು ಇನ್ನೂ ಗಿಡ್ಡದಾದುದನ್ನು ಹಾಕಿಸಬೇಕಾಯಿತು. ಹಾಕಿಸಿದ ದಿನವೇ ನನ್ನ ಬೆನ್ನುನೋವು ಹೋಯಿತು. ನಲವತ್ತೇಳನೆಯ ವಯಸ್ಸಿನಲ್ಲಿ, ಒಂದು ತಿರುಪು ತಿರುಗಿಸಿದರೆ ದೇಹದ ನೋವು ಹೋಗುತ್ತದೆ ಎಂದು ಕಣ್ಣಾರೆ ಕಂಡವನಿಗೆ ಆ ನಂಬಿಕೆಯನ್ನು ಬಿಡುವುದು ಕಷ್ಟ. ನಾನು ಬಿಡಲಿಲ್ಲ.

ಕಡತವೊಂದನ್ನು ತೆರೆದೆ. ಕಂದು ರಟ್ಟಿನ ಕಡತ, ಬಿಳಿಯ ಟ್ಯಾಗ್, ಮೇಲೆ ವಿಷಯ: ಸವಾರನ ಅನುಕೂಲಕ್ಕಾಗಿ ಸೈಕಲ್ಲಿನಲ್ಲಿ ಮಾಡಿದ ಬದಲಾವಣೆಗಳು. ಒಳಗೆ ಗೆರೆ ಎಳೆದ ಕಾಲಂಗಳು. ಕ್ರಮ ಸಂಖ್ಯೆ, ದಿನಾಂಕ, ತೊಂದರೆ, ಕೈಗೊಂಡ ಕ್ರಮ, ಪರಿಣಾಮ. ಕಚೇರಿಯಲ್ಲಿ ಯಾವ ವಿಷಯವೂ ಕಡತವಿಲ್ಲದೆ ಮುಂದೆ ಹೋಗುವುದಿಲ್ಲ. ಮನೆಯಲ್ಲೂ ಹಾಗೆಯೇ ಮಾಡಿದೆ.

ಕೆಲಸ ಮಾಡುತ್ತಿದ್ದವನು ಏಳುಮಲೈ. ಪೆರಂಬೂರು ಮಾರುಕಟ್ಟೆಯ ಹಿಂದೆ, ಬೇವಿನ ಮರದ ಕೆಳಗೆ ಅವನ ಸೈಕಲ್ ಅಂಗಡಿ. ನನಗಿಂತ ಹತ್ತು ವರ್ಷ ಚಿಕ್ಕವನಿರಬಹುದು. ಅವನು ತಮಿಳಿನಲ್ಲಿ ಆಡಿದ ಮಾತುಗಳನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಸೈಕಲ್ಲನ್ನು ಅವನು ವಂಡಿ ಎನ್ನುತ್ತಿದ್ದ. ಆ ಪದವನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ.

ಕಿರುಬೆರಳಿನ ಜೋಮಿಗೆ ಮೊದಲು ಹ್ಯಾಂಡಲನ್ನು ಅರ್ಧ ಇಂಚು ಏರಿಸಿದೆವು. ಎರಡು ವಾರ ಸರಿಯಿತ್ತು. ಮತ್ತೆ ಬಂತು. ಬ್ರೇಕ್ ಲಿವರ್‌ಗಳನ್ನು ಸ್ವಲ್ಪ ಮೇಲಕ್ಕೆ ತಿರುಗಿಸಿದೆವು. ಅಂಗೈ ಮೇಲೆ ಭಾರ ಬೀಳದಿರಲೆಂದು ಸೀಟಿನ ಮೂತಿಯನ್ನು ಕೂದಲೆಳೆಯಷ್ಟು ಎತ್ತಿದೆವು. ರಸ್ತೆಯ ಅದುರು ಕೈಗೆ ಬರದಿರಲೆಂದು ಟೈರಿನ ಗಾಳಿ ಕಡಿಮೆ ಮಾಡಿದೆವು. ಪ್ರತಿ ಸಲವೂ ಹತ್ತು ಹದಿನೈದು ದಿನ ಕೈ ಹಗುರವಾದಂತೆ ಅನ್ನಿಸುತ್ತಿತ್ತು. ಅದು ಕಾಯಿಲೆಯ ಸ್ವಭಾವ, ಏರಿಳಿಯುತ್ತಾ ಬರುತ್ತದೆ ಎಂದು ಆಮೇಲೆ ತಿಳಿಯಿತು. ಆಗ ನಾನು ಆ ಇಳಿತವನ್ನೆಲ್ಲ ಸ್ಪ್ಯಾನರಿನ ಲೆಕ್ಕಕ್ಕೆ ಹಾಕಿದೆ.

ನನ್ನ ಪತ್ನಿ ಸುಶೀಲ ಒಂದು ದಿನ ಕೇಳಿದಳು: "ರೀ, ನನ್ನ ಸೊಂಟನೋವಿಗೆ ಒಂದ್ ದಿನಾನಾದ್ರೂ ಇಂಚುಪಟ್ಟಿ ಹಿಡ್ಕೊಂಡು ಬಂದಿದ್ರಾ ನೀವು?"

"ನಿನ್ನ ಸೊಂಟಕ್ಕೆ ನಟ್ಟು ಬೋಲ್ಟು ಇಲ್ಲವಲ್ಲ" ಎಂದೆ.

"ನಿಮ್ಮ ಕೈಗಿದ್ಯಾ?"

ನಾನು ನಕ್ಕೆ. ಮಗಳು ಮೇಘಾ ಆಗ ಹನ್ನೊಂದನೆಯ ತರಗತಿ. ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಉತ್ತರಿಸುತ್ತಾಳೆ. "ಅಂದ ಸೈಕಲ್ ಪಾವಂಪಾ, ವಿಟ್ಟುಡುಂಗ" ಎಂದಳು. ಆ ಸೈಕಲ್ ಪಾಪ, ಅದನ್ನು ಬಿಟ್ಟುಬಿಡಿ ಎಂದು ಅರ್ಥ. ಅದಕ್ಕೂ ನಕ್ಕೆ.

ಐದನೆಯ ಸಲ ಹೋದಾಗ ಏಳುಮಲೈ ಸ್ಪ್ಯಾನರ್ ಕೈಗೆತ್ತಿಕೊಳ್ಳಲಿಲ್ಲ. ಲುಂಗಿ ಎತ್ತಿ ಕಟ್ಟಿ, ನನ್ನ ಸೈಕಲ್ ಏರಿ ಹೋದವನು ಅರ್ಧ ಗಂಟೆ ಬರಲಿಲ್ಲ. ಬಂದು ಇಳಿದು, ತನ್ನ ಎರಡೂ ಅಂಗೈಗಳನ್ನು ನನ್ನ ಮುಂದೆ ಹಿಡಿದ.

"ರೆಟ್ಟೇರಿಯವರೆಗೆ ಹೋಗಿ ಬಂದೆ ಸಾರ್. ನನ್ನ ಕೈಗೆ ಏನೂ ಆಗಿಲ್ಲ. ವಂಡಿ ಸರಿಯಾಗಿದೆ. ಕೈಯನ್ನು ಯಾರಿಗಾದರೂ ತೋರಿಸಿ."

"ನಿನ್ನ ಕೈ ಕಬ್ಬಿಣ ಹಿಡಿದು ಮರಗಟ್ಟಿದ್ದಯ್ಯಾ. ಅದಕ್ಕೆ ತಿಳಿಯುವುದಿಲ್ಲ" ಎಂದೆ.

ಅವನು ತನ್ನ ಅಂಗೈಯನ್ನೇ ಒಮ್ಮೆ ನೋಡಿಕೊಂಡ.  ಸ್ಪ್ಯಾನರ್ ತೆಗೆದುಕೊಂಡ.

ಈ ಮಾತನ್ನು ನಾನು ಆಡಿದ್ದೇನೆ ಎಂಬುದನ್ನು ಮರೆಮಾಚದೆ ದಾಖಲಿಸುತ್ತಿದ್ದೇನೆ. ಅಂದು ಅಲ್ಲಿದ್ದ ನಾಲ್ಕು ಕೈಗಳಲ್ಲಿ ಮರಗಟ್ಟಿದ್ದು ಒಂದೇ, ಅದು ಅವನದಾಗಿರಲಿಲ್ಲ.

ಏಳನೆಯ ಬದಲಾವಣೆ ಟೇಪಿನದು. ಹ್ಯಾಂಡಲಿಗೆ ಸುತ್ತುವ ಟೇಪನ್ನು ಎರಡು ಪದರ ಮಾಡಿ, ಬಲಬದಿಯಲ್ಲಿ ಅದರಡಿ ಹಳೆಯ ಟ್ಯೂಬಿನ ತುಂಡುಗಳನ್ನು ಇಡಿಸಿದೆ. ಮರುದಿನ ಅಂಬತ್ತೂರಿನವರೆಗೆ ಹೋಗಿ ಬಂದೆ. ಜೋಮಿಲ್ಲ. ಚುಚ್ಚುವಿಕೆಯಿಲ್ಲ. ಟೇಪಿನ ಒರಟೂ ಇಲ್ಲ. ಎಡಗೈಗೆ ರಸ್ತೆಯ ಪ್ರತಿಯೊಂದು ಕಲ್ಲೂ ತಿಳಿಯುತ್ತಿತ್ತು. ಬಲಗೈ ಹತ್ತಿಯ ಮೇಲೆ ಇಟ್ಟಂತಿತ್ತು. ಎಂಟು ತಿಂಗಳಲ್ಲಿ ಮೊದಲ ಬಾರಿಗೆ ನೆಮ್ಮದಿಯಾಯಿತು. ಕಡತದ ಪರಿಣಾಮ ಎಂಬ ಕಾಲಂನಲ್ಲಿ ಹೀಗೆ ಬರೆದೆ: ಬಲಗೈಯ ಎರಡು ಬೆರಳುಗಳಿಗೆ ಏನೂ ತಿಳಿಯುತ್ತಿಲ್ಲ. ತೃಪ್ತಿಕರ.

ಅದರ ನಂತರದ ತಿಂಗಳುಗಳನ್ನು ಈಗ ನೆನೆದರೆ ನನ್ನ ಮೇಲೆ ನನಗೇ ಬೇಸರ ಬರುತ್ತದೆ. ಕಚೇರಿಯಲ್ಲಿ ಕಾಗದಗಳು ಕೈಯಿಂದ ಜಾರತೊಡಗಿದವು. ಅಂಗಿಯ ಗುಂಡಿ ಹಾಕಿಕೊಳ್ಳಲು ಹೊತ್ತಾಗುತ್ತಿತ್ತು. ಹೆಬ್ಬೆರಳು ತೋರುಬೆರಳುಗಳ ನಡುವಿನ ಮಾಂಸ ಇಳಿದು ಅಲ್ಲಿ ಒಂದು ಗುಣಿ ಬಿದ್ದಿತ್ತು. ವಯಸ್ಸು ಎಂದುಕೊಂಡೆ. ಮೊಣಕೈಯ ಹಿಂದೆ ಎಂಟಾಣೆಯಷ್ಟಗಲ ಒಂದು ಮಾಸಲು ಮಚ್ಚೆ ಇತ್ತು. ತೋಳಿನ ಮರೆಯಲ್ಲಿ ಬಿಸಿಲು ಬೀಳದ ಜಾಗ ಎಂದುಕೊಂಡೆ. ಒಂದೊಂದಕ್ಕೂ ಒಂದೊಂದು ಕಾರಣ ಒದಗಿಸುವುದು ನನಗೆ ಕಷ್ಟವಾಗಲಿಲ್ಲ. ಕಚೇರಿಯಲ್ಲಿ ನನ್ನ ಕೆಲಸವೇ ಅದು.

ಕೊನೆಯ ನಮೂದು ಬ್ರೇಕಿನದು. ಬಲಗೈಯಿಂದ ಲಿವರ್ ಎಳೆಯಲು ಶಕ್ತಿ ಸಾಲುತ್ತಿರಲಿಲ್ಲ. ಮುಂದಿನ ಬ್ರೇಕಿನ ಕೇಬಲನ್ನು ಎಡಬದಿಗೆ ಹಾಕಿಕೊಡು ಎಂದೆ.

ಏಳುಮಲೈ ನನ್ನ ಮುಖ ನೋಡಿದ. "ಸಾರ್, ಇದು ಅಡ್ಜಸ್ಟ್ಮೆಂಟ್ ಅಲ್ಲ" ಎಂದ.

"ಹೇಳಿದಷ್ಟು ಮಾಡಪ್ಪ."

ಮಾಡಿಕೊಟ್ಟ.

ಎರಡು ಸಾವಿರದ ಮೂರರ ಅಕ್ಟೋಬರ್. ಸಂಜೆ ಆರರ ಹೊತ್ತಿಗೆ ಸುಶೀಲ ಅಡುಗೆಮನೆಯಿಂದ ಕರೆದು, ಒಲೆಯ ಮೇಲಿನ ಹಾಲಿನ ಪಾತ್ರೆ ಇಳಿಸಲು ಹೇಳಿದಳು. ಬಟ್ಟೆಯಿಂದ ಹಿಡಿದು ಇಳಿಸಿದೆ. ಇಳಿಸಿ, ಪಾತ್ರೆಯಿಂದ ಕೈ ತೆಗೆಯದೆ ಅಲ್ಲಿಯೇ ನಿಂತು ಅವಳೊಡನೆ ಮೇಘಾಳ ಟ್ಯೂಷನ್ ವಿಷಯ ಮಾತಾಡುತ್ತಿದ್ದೆ. ಬಟ್ಟೆ ಜಾರಿತ್ತು. ಕಿರುಬೆರಳು ಪಾತ್ರೆಗೆ ಒತ್ತಿಕೊಂಡಿತ್ತು.

ವಾಸನೆ ಮೊದಲು ಅವಳಿಗೆ ಬಂತು.

"ಕೈ ತೆಗೀರಿ" ಎಂದಳು. ನಾನು, "ಯಾಕೆ?" ಎಂದೆ. ಅವಳೇ ನನ್ನ ಮಣಿಕಟ್ಟು ಹಿಡಿದು ಎಳೆದಳು. ಬೆರಳಿನ ಬದಿಯ ಚರ್ಮ ಬೆಳ್ಳಗೆ ಬೆಂದು ಎದ್ದಿತ್ತು. ನೋವು ಇರಲಿಲ್ಲ. ನಾವಿಬ್ಬರೂ ಆ ಬೆರಳನ್ನು ಬೇರೆ ಯಾರದೋ ವಸ್ತುವನ್ನು ನೋಡುವಂತೆ ನೋಡಿದೆವು.

ಮರುದಿನ ಬೀದಿಯ ಡಾಕ್ಟರು ಸುಟ್ಟಗಾಯಕ್ಕೆ ಮುಲಾಮು ಹಚ್ಚಿ, ಮೊಣಕೈಯ ಮಚ್ಚೆ ನೋಡಿ, ದೊಡ್ಡಾಸ್ಪತ್ರೆಯ ಚರ್ಮವಿಭಾಗಕ್ಕೆ ಚೀಟಿ ಬರೆದರು. ಸುಶೀಲಳೂ ಮೇಘಾಳೂ ಜೊತೆಗೆ ಬಂದರು. ಅಲ್ಲಿದ್ದವರು ನಡುವಯಸ್ಸಿನ ಮಹಿಳಾ ವೈದ್ಯರು. ಮಚ್ಚೆಯ ಮೇಲೆ ಹತ್ತಿಯ ಎಳೆಯನ್ನು ಆಡಿಸಿ, ತಿಳಿಯುತ್ತಿದೆಯೇ ಎಂದು ಕೇಳಿದರು. ಕಣ್ಣು ಮುಚ್ಚಿದ್ದೆ. ಯಾವಾಗ ಆಡಿಸುತ್ತೀರಿ ಎಂದೆ. ಆಡಿಸಿ ಆಗಿದೆ ಎಂದರು. ಮೊಣಕೈಯ ಒಳಗೂಡಿನಲ್ಲಿ ಬೆರಳಿಟ್ಟು ಏನನ್ನೋ ಉರುಳಿಸಿದರು. ಹುರಿಯಷ್ಟು ದಪ್ಪನಾದದ್ದೊಂದು ಅಲ್ಲಿತ್ತು. ಅದು ಕಿರುಬೆರಳಿಗೆ ಹೋಗುವ ನರ, ಅಲ್ನರ್ ನರ್ವ್ ಎಂದರು. ಆಮೇಲೆ ಒಂದು ಕಾಗದವನ್ನು ನನ್ನ ಹೆಬ್ಬೆರಳು ತೋರುಬೆರಳುಗಳ ನಡುವೆ ಕೊಟ್ಟು, ಬಿಗಿಯಾಗಿ ಹಿಡಿಯಿರಿ ಎಂದು ಹೇಳಿ ಎಳೆದರು.

ಕಾಗದ ಸಲೀಸಾಗಿ ಹೋಯಿತು. ಇಪ್ಪತ್ತಾರು ವರ್ಷ ಕಾಗದ ಹಿಡಿದ ಕೈ ಅದು.

"ಎಷ್ಟು ದಿನದಿಂದ ಹೀಗಿದೆ?" ಎಂದು ಕೇಳಿದರು.

"ಮೇಡಂ, ಎಲ್ಲವೂ ಸೈಕಲ್ಲಿನಿಂದ ಆದದ್ದು. ಕಡತ ತಂದಿದ್ದೇನೆ" ಎಂದೆ. ಆ ಮಾತಿನಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

ಅವರು ಕಡತವನ್ನು ಮೊದಲ ಪುಟದಿಂದ ಓದಿದರು. ಹೊರಗೆ ಸರತಿ ಉದ್ದವಿತ್ತು. ಆದರೂ ಅವಸರವಿಲ್ಲದೆ ಓದಿದರು. ಅವರ ಬೆರಳು ಸಾಲಿನಿಂದ ಸಾಲಿಗೆ ಇಳಿದು ಏಳನೆಯ ನಮೂದಿನಲ್ಲಿ ನಿಂತಿತು. ಬಹಳ ಹೊತ್ತು ನಿಂತಿತು.

"ಇಷ್ಟು ಅಚ್ಚುಕಟ್ಟಾದ ಹಿಸ್ಟರಿಯನ್ನು ಯಾವ ಪೇಷಂಟೂ ನನಗೆ ತಂದುಕೊಟ್ಟಿಲ್ಲ" ಎಂದರು. "ನರ ಯಾವ ತಿಂಗಳು ಊದಿತು, ಯಾವ ತಿಂಗಳು ಸ್ಪರ್ಶ ಹೋಯಿತು, ಯಾವ ತಿಂಗಳು ಬಲ ಹೋಯಿತು, ಎಲ್ಲವೂ ಇದೆ. ತಲೆಬರಹ ಮಾತ್ರ ತಪ್ಪಾಗಿದೆ."

ನಾನು ಮುಂದಕ್ಕೆ ಬಾಗಿ ಅವರ ಬೆರಳು ನಿಂತಿದ್ದ ಸಾಲನ್ನು ಓದಿದೆ.

"ತೃಪ್ತಿಕರ ಎಂದು ಬರೆದಿದ್ದೀರಲ್ಲ, ಅಂದೇ ಇಲ್ಲಿಗೆ ಬಂದಿದ್ದರೆ ಸ್ಟಿರಾಯ್ಡ್ ಕೊಟ್ಟು ಬಹುಪಾಲು ವಾಪಸು ತರಬಹುದಿತ್ತು. ಆರು ತಿಂಗಳು ದಾಟಿದರೆ ನರ ಮಾತು ಕೇಳುವುದಿಲ್ಲ. ಈಗ ಉಳಿದಿರುವುದನ್ನು ಉಳಿಸಿಕೊಳ್ಳೋಣ."

ಕಾಯಿಲೆಯ ಹೆಸರೇನೆಂದು ಕೇಳಿದೆ. ಹ್ಯಾನ್ಸೆನ್ಸ್ ಡಿಸೀಸ್ ಎಂದರು. ಆ ಹೆಸರು ನನಗೆ ಹೊಸದಾಗಿರಲಿಲ್ಲ. ವೈದ್ಯಕೀಯ ಪ್ರಮಾಣಪತ್ರಗಳಲ್ಲಿ ನೋಡಿದ್ದೆ.

ಕುಷ್ಠ.

ಬಹಳ ವರ್ಷಗಳ ಹಿಂದೆ ನಮ್ಮ ಕಚೇರಿಯ ಜವಾನನೊಬ್ಬ ಇದೇ ಹೆಸರಿನ ಪ್ರಮಾಣಪತ್ರ ಹಿಡಿದು ಕೆಲಸಕ್ಕೆ ಮರಳಿದ್ದ. ಸೋಂಕಿಲ್ಲ, ಕೆಲಸಕ್ಕೆ ಅರ್ಹ ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ಅವನನ್ನು ಹೊರಗೇಟಿನ ಬಳಿಯ ಕುರ್ಚಿಗೆ ಹಾಕುವುದು ಸೂಕ್ತವೆಂದು ಟಿಪ್ಪಣಿ ಬರೆದವನು ನಾನು. ಯಾರೂ ನನಗೆ ಹಾಗೆ ಬರೆಯಲು ಹೇಳಿರಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಾಗ ಆ ಟಿಪ್ಪಣಿಯ ಒಂದೊಂದು ಪದವೂ ನೆನಪಿಗೆ ಬಂತು. ಅವನ ಮುಖ ಮಾತ್ರ ನೆನಪಾಗಲಿಲ್ಲ.

ಅಂದು ಮನೆಗೆ ಬಂದು ನನ್ನ ತಟ್ಟೆ ಲೋಟಗಳನ್ನು ತೆಗೆದು ಬೇರೆ ಗೂಡಿನಲ್ಲಿ ಇಟ್ಟೆ. ಸುಶೀಲ ನೋಡಿದಳು. ಎದ್ದು ಹೋಗಿ ಅವನ್ನು ತಂದು ಎಲ್ಲರ ತಟ್ಟೆಗಳ ನಡುವೆ ಜೋಡಿಸಿದಳು.

"ಡಾಕ್ಟರಮ್ಮ ಏನಂದ್ರು? ಮೊದಲನೇ ಡೋಸ್ ನುಂಗಿದ ಮೇಲೆ ಅಂಟೋದಿಲ್ಲ ಅಂದ್ರು ತಾನೇ. ನಾನೂ ಅಲ್ಲೇ ಇದ್ದೆ."

"ಆದರೂ ಮೇಘಾ ಇದ್ದಾಳಲ್ಲ."

"ಅವಳನ್ನೂ ನನ್ನನ್ನೂ ಮೈಯೆಲ್ಲಾ ನೋಡಿ ಕಳ್ಸಿದಾರೆ, ಏನೂ ಇಲ್ಲ. ವರ್ಷಗಟ್ಟಲೆ ಜೊತೇಲಿ ಉಂಡಿದೀವಿ, ಈಗ ತಟ್ಟೆ ಎತ್ತಿಡ್ತಾರಂತೆ." ತಟ್ಟೆಗಳನ್ನು ಸರಿಪಡಿಸುತ್ತಾ, "ಕೈಗೆ ನಟ್ಟು ಬೋಲ್ಟು ಇದ್ಯಾ ಅಂತ ನಾನು ಕೇಳಿದಾಗ ನಕ್ಕಿರಿ ನೀವು" ಎಂದಳು.  

ಚಿಕಿತ್ಸೆ ಆರು ತಿಂಗಳು. ಮಾತ್ರೆಗಳನ್ನು ಆಸ್ಪತ್ರೆಯವರೇ ಕೊಟ್ಟರು. ತಿಂಗಳಿಗೊಮ್ಮೆ ನರ್ಸಿನ ಎದುರು ರಿಫಾಂಪಿಸಿನ್ ನುಂಗಬೇಕು. ಅಂದು ಮೂತ್ರ ಕೆಂಪಾಗಿ ಹೋಗುತ್ತದೆ. ಡ್ಯಾಪ್ಸೋನ್ ದಿನಕ್ಕೊಂದು. ನರದ ಊತಕ್ಕೆ ಸ್ಟಿರಾಯ್ಡನ್ನು ಹೆಚ್ಚಿಗೆ ಆರಂಭಿಸಿ ಕ್ರಮೇಣ ಇಳಿಸಿದರು. ಮುಖ ಉಬ್ಬಿತು. ಹಸಿವು ವಿಪರೀತವಾಯಿತು. ಹೆಬ್ಬೆರಳಿನ ಹಿಡಿತ ಅರ್ಧದಷ್ಟು ಮರಳಿತು. ಕಿರುಬೆರಳೂ ಉಂಗುರದ ಬೆರಳೂ ಬಾಗಿದ ಹಾಗೆಯೇ ಉಳಿದವು. ಅವುಗಳ ಸ್ಪರ್ಶ ಮರಳಲಿಲ್ಲ. ಮರಳುವುದಿಲ್ಲವೆಂದು ಈಗ ಒಪ್ಪಿಕೊಂಡಿದ್ದೇನೆ.

ಕಚೇರಿಯಲ್ಲಿ ಸೈಕಲ್ ತುಳಿದು ನರ ಒತ್ತಿದೆ ಎಂದು ಹೇಳಿದ್ದೆ. ಎಲ್ಲರೂ ನಂಬಿದರು. ಹೊರಗೇಟಿನ ಕುರ್ಚಿ ಈಗಲೂ ಅಲ್ಲಿಯೇ ಇದೆ. ಅದರ ಮುಂದೆ ದಿನಾ ಹಾದುಹೋಗುತ್ತೇನೆ. ಆ ಸುಳ್ಳನ್ನು ಈ ಬರಹದ ಮೂಲಕ ಹಿಂತೆಗೆದುಕೊಳ್ಳುತ್ತಿದ್ದೇನೆ.

ಚಿಕಿತ್ಸೆ ಮುಗಿದ ಮೇಲೆ, ಸೈಕಲ್ ಓಡಿಸಬಹುದೇ ಎಂದು ಡಾಕ್ಟರನ್ನು ಕೇಳಿದೆ. ಧಾರಾಳವಾಗಿ ಎಂದರು. ಒಂದು ಷರತ್ತು ಹಾಕಿದರು. ತಿಳಿವಿಲ್ಲದ ಕೈಗೆ ಒತ್ತಿದ್ದು ಗೊತ್ತಾಗುವುದಿಲ್ಲ. ಗುಳ್ಳೆಯೆದ್ದು ಹುಣ್ಣಾಗುವವರೆಗೂ ಗೊತ್ತಾಗುವುದಿಲ್ಲ. ಆದ್ದರಿಂದ ಹಿಡಿಯುವ ಜಾಗ ದಪ್ಪವಾಗಿ, ಮೆತ್ತಗೆ ಇರಬೇಕು. ಬ್ರೇಕ್ ಬಲವಿರುವ ಕೈಗೆ ಇರಬೇಕು. ಮನೆಗೆ ಬಂದ ಕೂಡಲೇ ಅಂಗೈಯನ್ನು ಬೆಳಕಿನಲ್ಲಿ ನೋಡಿಕೊಳ್ಳಬೇಕು.

ದಪ್ಪ ಟೇಪು, ಎತ್ತರದ ಹ್ಯಾಂಡಲ್, ಎಡಗೈಯ ಬ್ರೇಕು. ನಾನು ಮಾಡಿಸಿದ್ದೂ ಇದನ್ನೇ. ವೈದ್ಯರು ಹೇಳಿದ ಮೇಲೆ ಅದು ಚಿಕಿತ್ಸೆಯ ಭಾಗವಾಯಿತು. ಅದಕ್ಕೆ ಮೊದಲು ಅದು ಕಾಯಿಲೆಗೆ ಹೊದಿಸಿದ ಮುಸುಕಾಗಿತ್ತು. ಹದಿನಾಲ್ಕು ತಿಂಗಳು ನಾನು ಕಾಯಿಲೆಗೆ ಅನುಕೂಲ ಮಾಡಿಕೊಟ್ಟೆ, ಸವಾರನಿಗಲ್ಲ.

ಏಳುಮಲೈಯ ಅಂಗಡಿಗೆ ಏಳು ತಿಂಗಳಿಂದ ಹೋಗಿರಲಿಲ್ಲ. ಒಂದು ಶನಿವಾರ ಮಧ್ಯಾಹ್ನ ಸೈಕಲ್ ತಳ್ಳಿಕೊಂಡು ಹೋದೆ. ಟೇಪು ಬಿಚ್ಚಿ ಹೊಸದಾಗಿ ಸುತ್ತಿಸಬೇಕಿತ್ತು. ಅದಕ್ಕೆ ನನ್ನ ಕೈಯ ಅಳತೆ ಬೇಕು. ಕೈ ಮುಟ್ಟಬೇಕಾದವನಿಗೆ ವಿಷಯ ಹೇಳದಿರುವುದು ಸರಿಯಲ್ಲ ಎನ್ನಿಸಿತು. ನರ ಒತ್ತಿದೆ ಎಂಬ ಮಾತು ನಾಲಿಗೆಯ ತುದಿಯಲ್ಲಿಯೇ ಇತ್ತು. ಅದನ್ನು ನುಂಗಿ, ಕಾಯಿಲೆಯ ಹೆಸರನ್ನು ತಮಿಳಿನಲ್ಲಿಯೇ ಹೇಳಿದೆ.

ಅವನು ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟ. ಬೇಲಿಯ ಮೇಲಿದ್ದ ಬಟ್ಟೆ ತೆಗೆದು ಕೈ ಒರೆಸಿಕೊಂಡ. ನಿಧಾನವಾಗಿ ಒರೆಸಿಕೊಂಡ. ನಾನು ಸೈಕಲ್ಲನ್ನು ತಿರುಗಿಸಿಕೊಂಡು ಹೊರಡಲು ಸಿದ್ಧನಾಗಿದ್ದೆ.

"ಮಾತ್ರೆ ತಗೋತಿದ್ದೀರಾ ಸಾರ್?"

"ಮುಗಿಯಿತು. ಇನ್ನು ಅಂಟುವುದಿಲ್ಲ ಎಂದಿದ್ದಾರೆ."

"ಅದನ್ನು ನಾನು ಕೇಳಲಿಲ್ಲ." ಹಲಗೆಯ ಸ್ಟೂಲನ್ನು ನನ್ನ ಕಡೆ ಸರಿಸಿದ. "ವಂಡಿ ಸರಿಯಾಗಿದೆ ಅಂತ ಅವತ್ತೇ ಹೇಳಿದೆ. ನೀವು ನನ್ನ ಕೈಗೆ ಹೆಸರಿಟ್ಟಿರಿ."

"ತಪ್ಪಾಯಿತು."

"ಬಿಡಿ. ಕೂತ್ಕೊಳ್ಳಿ. ಗ್ರೀಸ್ ಕೈ, ಒರೆಸಿಕೊಳ್ಳದೆ ಹಿಡಿದರೆ ಬಿಳಿ ಟೇಪು ಹಾಳಾಗತ್ತೆ."

ಹಳೆಯ ಟೇಪನ್ನು ಬಿಚ್ಚಿ, ಅಡಿಯ ಟ್ಯೂಬಿನ ತುಂಡುಗಳನ್ನು ತೆಗೆದು, ಹ್ಯಾಂಡಲನ್ನು ಬರಿಯ ಲೋಹವಾಗಿಸಿದ. ಆಮೇಲೆ ನನ್ನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಅದರ ಮೇಲೆ ಇಟ್ಟ. ಬಾಗಿದ ಕಿರುಬೆರಳನ್ನು ಒಂದೊಂದೇ ಗಿಣ್ಣಾಗಿ ಬಿಡಿಸಿ, ಹ್ಯಾಂಡಲಿನ ಸುತ್ತ ಒಪ್ಪವಾಗಿ ಕೂರಿಸಿದ. ಸೀಮೆಸುಣ್ಣದಿಂದ ಬೆರಳಿನ ಎರಡು ಬದಿಯಲ್ಲೂ ಗುರುತು ಹಾಕಿದ. ಆ ಬೆರಳಿನ ಮೇಲೆ ಅವನ ಹಿಡಿತ ಗಟ್ಟಿಯೋ ಮೃದುವೋ ನನಗೆ ತಿಳಿಯಲಿಲ್ಲ. ಅವನು ಹಿಡಿದಿರುವುದನ್ನು ಕಣ್ಣಿನಿಂದ ನೋಡಿದೆ.

"ಇಲ್ಲಿ ತಾನೇ ಸಾರ್?"

ಹೌದು ಎಂದೆ.

ಆ ವೈದ್ಯರಿಗೂ ಸುಶೀಲಳಿಗೂ ಮೇಘಾಳಿಗೂ ಏಳುಮಲೈಗೂ ನಾನು ಋಣಿ. ಇಷ್ಟನ್ನು ಬರೆಯಲು ಮೂರು ವಾರ ಹಿಡಿಯಿತು. ಇದರಲ್ಲಿ ತಪ್ಪುಗಳು ಕಂಡುಬಂದಲ್ಲಿ ಓದುಗರು ಸಂಕೋಚಪಡದೆ ತಿದ್ದಬೇಕೆಂದೂ, ತಿದ್ದಿದ್ದನ್ನು ನನಗೂ ತಿಳಿಸಬೇಕೆಂದೂ ವಿನಂತಿಸುತ್ತೇನೆ. ಈ ಬಾರಿ ಹೇಳಿದ್ದನ್ನು ಕೇಳಿಸಿಕೊಳ್ಳುತ್ತೇನೆ.